ನಿಮಗಿದು ಗೊತ್ತೆ?: ಜಪಾನಿನಲ್ಲಿ ಮಕ್ಕಳೊಂದಿಗೆ ರೈಲು ಪ್ರಯಾಣ

● ದೇಶದುದ್ದಕ್ಕೂ ಓಡಾಡಲು ನೆರವಾಗುವ 'ಜಪಾನ್ ರೈಲ್ ಪಾಸ್' ಪ್ರವಾಸಿ ವೀಸಾದಲ್ಲಿ ಬಂದ ವಿದೇಶಿಯರಿಗೆ ಸಿಗುತ್ತದೆ. ಉದ್ಯೋಗಕ್ಕೆಂದು ಅಲ್ಲೇ ನೆಲೆಸಿರುವ ವಿದೇಶಿ ಕುಟುಂಬಗಳಿಗೆ ಸಿಗದು.

● 6ರಿಂದ 11 ವರ್ಷದ ಮಕ್ಕಳಿಗೆ ಅರ್ಧ ದರ. ದೊಡ್ಡವರೊಬ್ಬರ ಜೊತೆ ಆರು ವರ್ಷದೊಳಗಿನ ಇಬ್ಬರು ಮಕ್ಕಳು ಉಚಿತವಾಗಿ ಪ್ರಯಾಣಿಸಬಹುದು. ಆದರೆ ಅವರಿಗೆಂದೇ ಸೀಟು ಕಾಯ್ದಿರಿಸಿದರೆ ಮಕ್ಕಳ ದರ ತೆರಬೇಕು.

● ಟೋಕಿಯೊ–ಒಸಾಕಾ ನಡುವೆ 1964ರಲ್ಲಿ ಆರಂಭವಾದ ಬುಲೆಟ್ ರೈಲು ಮಾರ್ಗದಲ್ಲಿ, ಉದ್ದ, ಅಗಲ, ಎತ್ತರ ಸೇರಿ 160 ಸೆಂ.ಮೀ. ಮೀರುವ ಸೂಟ್‌ಕೇಸಿಗೆ ಜಾಗವಿರುವ ಸೀಟನ್ನು ಮೊದಲೇ ಕಾಯ್ದಿರಿಸಬೇಕು. ಮಗುವಿನ ತಳ್ಳುಗಾಡಿಗೆ ಈ ನಿಯಮದಿಂದ ವಿನಾಯಿತಿ ಇದೆ.

● ಸಂಸಾರ ಸಮೇತ ಅಲ್ಲಿಗೆ ಹೊರಟಿದ್ದೀರಾ? ಟೋಕಿಯೊದಲ್ಲಿ ಬೆಳಗಿನ ಕಚೇರಿ ವೇಳೆಯ ರೈಲುಗಳು ಕಿಕ್ಕಿರಿದಿರುತ್ತವೆ. ಪುಟ್ಟ ಮಕ್ಕಳಿದ್ದರೆ ಆ ಹೊತ್ತು ಬಿಟ್ಟು ಹೊರಡಿ.