ಮಾತಿನ ಒತ್ತು ಮತ್ತು ಕೇಳುವ ಕಿವಿ

ಒತ್ತೆಂದರೆ ಇಲ್ಲಿ ಅಕ್ಷರದ ಕೆಳಗೆ ಬರೆಯುವ ಒತ್ತಲ್ಲ. ಪದವೊಂದನ್ನು ನುಡಿಯುವಾಗ ಅದರ ಒಂದು ಅಕ್ಷರ ಮಿಕ್ಕವಕ್ಕಿಂತ ಎದ್ದು ಕೇಳಿಸುತ್ತದಷ್ಟೆ. ಆ ಗುಣವನ್ನು ಕುರಿತು ಈ ಹೊತ್ತು ವಿಚಾರಮಾಡೋಣ. ಇಂಗ್ಲಿಷಿನಲ್ಲಿ ಇದು ಅರ್ಥವನ್ನೇ ಬದಲಿಸಬಲ್ಲುದು. ‘ಪರ್ಮಿಟ್’ ಎಂಬಲ್ಲಿ ಮೊದಲನೆಯ ಅಕ್ಷರ ಎದ್ದು ಕೇಳಿದರೆ ಅದು ಕೈಯಲ್ಲಿ ಹಿಡಿಯುವ ರಹದಾರಿ. ಎರಡನೆಯದು ಎದ್ದರೆ ಅಪ್ಪಣೆ ಕೊಡುವ ಕ್ರಿಯೆ.

ಎದ್ದು ಕೇಳುವುದೆಂದರೆ ಗಟ್ಟಿಯಾಗಿ ಕೇಳುವುದೆಂದೇ ನಾವೆಲ್ಲರೂ ಭಾವಿಸುತ್ತೇವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡೆನಿಸ್ ಫ್ರೈ ಎಂಬ ವಿದ್ವಾಂಸರು ಇದನ್ನು ಪರೀಕ್ಷೆಗೆ ಒಡ್ಡಿದರು. ಯಂತ್ರದಿಂದ ಹುಟ್ಟಿಸಿದ ಧ್ವನಿಯಲ್ಲಿ ಇಂಥ ಜೋಡಿಪದಗಳನ್ನು ನುಡಿಸಿ, ಸ್ವರದ ಕಾಲವನ್ನೂ ಗಟ್ಟಿತನವನ್ನೂ ಬೇರೆಬೇರೆಯಾಗಿ ಹೆಚ್ಚಿಸಿ ತಗ್ಗಿಸಿ ಜನರಿಗೆ ಕೇಳಿಸಿದರು. 1955ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರ ಎಣಿಕೆಗೆ ವಿರುದ್ಧವಾಗಿತ್ತು. ಶ್ರೋತೃಗಳ ತೀರ್ಪನ್ನು ಗಟ್ಟಿತನಕ್ಕಿಂತ ಕಾಲವೇ ಹೆಚ್ಚಾಗಿ ತಿರುಗಿಸಿತ್ತು. 1958ರಲ್ಲಿ ಶ್ರುತಿಯ ಏರಿಳಿತವನ್ನೂ ಪರೀಕ್ಷಿಸಿದರು. ಏರಿಕೆ ಎಷ್ಟೆಂಬುದಕ್ಕಿಂತ, ಯಾವ ಅಕ್ಷರ ಮೇಲೇರಿತೆಂಬುದೇ ಕಿವಿಗೆ ಮುಖ್ಯವಾಗಿ ಕಂಡಿತು. ಹೀಗೆ ಕಿವಿಯು ಹಲವು ಸಾಕ್ಷಿಗಳನ್ನು ಒಟ್ಟುಗೂಡಿಸಿಕೊಂಡು ಒತ್ತನ್ನು ಗುರುತಿಸುತ್ತದೆ.

ಆದರೆ ಯಾವ ಸಾಕ್ಷಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ತಾಯ್ನುಡಿ ಕಲಿಸುತ್ತದೆ. ಸ್ಪೇನಿನ ಭಾಷೆಯಲ್ಲಿ ‘ಬೆಬೆ’ ಎಂಬಲ್ಲಿ ಮೊದಲಕ್ಷರವನ್ನು ಒತ್ತಿದರೆ ‘ಕುಡಿಯುತ್ತಾನೆ’ ಎಂದು, ಕೊನೆಯದನ್ನು ಒತ್ತಿದರೆ ‘ಕೂಸು’ ಎಂದು ಅರ್ಥ. ಫ್ರೆಂಚಿನಲ್ಲಿ ಒತ್ತಿನಿಂದ ಪದಭೇದವಿಲ್ಲ. ಎಮಾನ್ಯುಯೆಲ್ ಡುಪೂ ಮತ್ತು ಅವರ ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒತ್ತಿನ ಸ್ಥಾನವೊಂದೇ ಬೇರೆಯಾದ ನುಡಿಗಳನ್ನು ಹೋಲಿಸಲು ಸ್ಪೇನಿನವರಿಗೆ ಕಷ್ಟವಾಗಲಿಲ್ಲ; ಫ್ರೆಂಚರು ತಡವರಿಸಿದರು. ಅವರ ಕಿವಿಯಲ್ಲಿ ದೋಷವೇನೂ ಇರಲಿಲ್ಲ. ಒಂದೇ ಕಂಠದ ಎರಡು ನುಡಿಗಳನ್ನು ಒಂದರ ಬೆನ್ನಿಗೊಂದು ಕೇಳಿಸಿದರೆ ಅವರಿಗೂ ಭೇದ ತಿಳಿಯುತ್ತಿತ್ತು. ಕಂಠಗಳು ಬೇರೆಬೇರೆಯಾಗಿ, ನುಡಿಯನ್ನು ನೆನಪಿನಲ್ಲಿಟ್ಟು ಹೋಲಿಸಬೇಕಾದಾಗಲೇ ತೊಡಕು.

ಕನ್ನಡಿಗರಾದ ನಮ್ಮ ಗತಿಯೇನು? ನಮ್ಮಲ್ಲಿಯೂ ಒತ್ತಿನಿಂದ ಪದ ಬೇರೆಯಾಗದು. ‘ಬಳೆ’ಯನ್ನು ಎಲ್ಲಿ ಒತ್ತಿದರೂ ಅದು ಬಳೆಯೇ. ಆದರೆ ಸ್ವರವನ್ನು ಎಳೆದರೆ ‘ಬಾಳೆ’ಯಾಗುತ್ತದೆ. ಇಂಗ್ಲಿಷರು ಒತ್ತಿಗಾಗಿ ವೆಚ್ಚಮಾಡುವ ಕಾಲವನ್ನು ನಾವು ಹ್ರಸ್ವದೀರ್ಘಗಳಿಗೆಂದು ಮೊದಲೇ ಮೀಸಲಿಟ್ಟಿದ್ದೇವೆ. ‘ಹೋಟೆಲ್’ ಎಂಬ ಪದವನ್ನು ನೋಡಿ. ಇಂಗ್ಲಿಷಿನಲ್ಲಿ ಒತ್ತು ಎರಡನೆಯ ಅಕ್ಷರದ ಮೇಲಿದೆ. ನಾವಾದರೋ ‘ಹೋ’ ಎಂದು ದೀರ್ಘವನ್ನು ಪೂರಾ ಎಳೆದು, ಆಡುಮಾತಿನಲ್ಲಿ ‘ಹೋಟ್ಲು’ ಎಂದು ಆ ಎರಡನೆಯ ಸ್ವರವನ್ನೇ ನುಂಗಿಬಿಟ್ಟೆವು! ನಮ್ಮೊಳಗೆ ಮಾತನಾಡುವಾಗ ಇದರಿಂದ ಯಾವ ನಷ್ಟವೂ ಇಲ್ಲ.

ನಷ್ಟವಾಗುವುದು ಪರದೇಶದವರೊಡನೆ ಇಂಗ್ಲಿಷಾಡುವಾಗ. ಭಾರತೀಯರ ಇಂಗ್ಲಿಷು ಪರರಿಗೆ ಎಷ್ಟು ತಿಳಿಯುತ್ತದೆಂಬುದನ್ನು ಕುರಿತು ಆರ್. ಕೆ. ಬನ್ಸಲ್ ಅವರು 1969ರಲ್ಲಿ ಹೈದರಾಬಾದಿನಿಂದ ಪ್ರಕಟಿಸಿದ ಗ್ರಂಥದಲ್ಲಿ, ತಿಳಿಯದಿರುವುದಕ್ಕೆ ಪದದ ಒತ್ತು ಸ್ಥಾನ ತಪ್ಪುವುದನ್ನು ಒಂದು ಮುಖ್ಯ ಕಾರಣವಾಗಿ ಎಣಿಸಿದ್ದಾರೆ. ಇಂಗ್ಲಿಷರ ಕಿವಿ ಬಲವಾದ ಅಕ್ಷರ ಬಂದೊಡನೆ ಹೊಸ ಪದ ತೊಡಗಿತೆಂದು ಊಹಿಸುತ್ತದೆ. ಆ ಅಕ್ಷರ ಎಡವಿದರೆ ಪದಗಳ ಎಲ್ಲೆಯೇ ಕದಡಿಹೋಗುತ್ತದೆ. ಹೀಗಿರುವಲ್ಲಿ ಮಕ್ಕಳಿಗೆ ‘ಗಟ್ಟಿಯಾಗಿ ಹೇಳು’ ಎಂದಷ್ಟೇ ಹೇಳಿಕೊಟ್ಟರೆ ಸಾಲದೆಂದು ನಮಗೆ ತೋರುತ್ತದೆ. ಒತ್ತುಳ್ಳ ಅಕ್ಷರವನ್ನು ತುಸು ಎಳೆದು, ಶ್ರುತಿಯನ್ನು ಬದಲಿಸಿ, ನೆರೆಯ ಅಕ್ಷರಗಳನ್ನು ಕುಗ್ಗಿಸಿ ತೋರಿಸಬೇಕು. ಸ್ವರಕ್ಕೆ ಅದರ ಮಾತ್ರೆಯನ್ನು ತಪ್ಪದೆ ಸಲ್ಲಿಸಿ ಪಳಗಿದ ನಾಲಗೆಗೆ ಈ ಕುಗ್ಗಿಸುವ ಕೆಲಸವೇ ಹೆಚ್ಚು ಕಷ್ಟ.