ಎರಡು ಸೋಲಿನ ಅವಕಾಶ

ಅಮೆರಿಕದ ಆಗ್ನೇಯ ಪ್ರಾಂತ್ಯಗಳ ವಿಶ್ವವಿದ್ಯಾಲಯಗಳು ಕೂಡಿ ‘ಸೌತ್‌ಈಸ್ಟರ್ನ್ ಕಾನ್ಫರೆನ್ಸ್’ ಎಂಬ ಕ್ರೀಡಾಕೂಟವನ್ನು ಕಟ್ಟಿಕೊಂಡಿವೆ. ಬೇಸ್‌ಬಾಲ್ ಎಂಬ ಚೆಂಡಾಟದಲ್ಲಿ ಈ ಕೂಟದ ಪ್ರಶಸ್ತಿಗಾಗಿ 1977ರಲ್ಲಿ ಪಂದ್ಯಾವಳಿಯು ಆರಂಭವಾಯಿತು. ಅಂದು ಮಿಸಿಸಿಪ್ಪಿಯ ಆಕ್ಸ್‌ಫರ್ಡ್ ಪಟ್ಟಣದಲ್ಲಿ ಸೇರಿದವು ನಾಲ್ಕೇ ತಂಡಗಳು. ಗೆದ್ದುದು ಆ ಊರಿನ ಮಿಸಿಸಿಪ್ಪಿ ವಿಶ್ವವಿದ್ಯಾಲಯವೇ. ಅನಂತರ ಊರೂರು ಸುತ್ತಿದ ಈ ಉತ್ಸವವು 1998ರಿಂದ ಅಲಬಾಮಾದ ಹೂವರ್ ನಗರದಲ್ಲಿ ನೆಲೆಸಿತು. 2020ರಲ್ಲಿ ಮಾತ್ರ ಮಹಾವ್ಯಾಧಿಯ ನಿಮಿತ್ತ ನಡೆಯಲಿಲ್ಲ.

ವಾಚಕರು ಇಲ್ಲಿ ಗಮನಿಸಬೇಕಾದುದು ಆಟದ ಕಟ್ಟಳೆಯನ್ನು. ಮೊದಲಿನಿಂದ ಬಂದ ಕ್ರಮದಂತೆ ಒಮ್ಮೆ ಸೋತ ತಂಡವು ಸಾಮಾನ್ಯವಾಗಿ ಹೊರಬೀಳುತ್ತಿರಲಿಲ್ಲ. ಎರಡನೆಯ ಸಲ ಸೋತರೆ ಮನೆಗೆ ಹೊರಡಬೇಕಾಗಿತ್ತು. ಬಹುಕಾಲ ಹುಡುಗರಿಗೆ ಪಾಠ ಹೇಳಿದ ನಮಗೆ ಈ ಔದಾರ್ಯವು ಮೆಚ್ಚಿಗೆಯಾದುದೇ. ಆದರೆ ಅದರ ಭಾರವು ಬೀಳುತ್ತಿದ್ದುದು ಚೆಂಡೆಸೆಯುವವನ ತೋಳಿನ ಮೇಲೆ! ಒಂದು ಪಂದ್ಯದಲ್ಲಿ ನೂರರಷ್ಟು ಸಲ ಬಲವಾಗಿ ಎಸೆದವನಿಗೆ ಕೆಲವು ದಿನಗಳ ವಿಶ್ರಾಂತಿಯು ಅವಶ್ಯ. ಸೋತ ತಂಡವಾದರೋ ಒಂದೇ ವಾರದಲ್ಲಿ ಹೆಚ್ಚು ಪಂದ್ಯಗಳನ್ನಾಡಬೇಕಾಗಿತ್ತು. ಮುಂದೆ ರಾಷ್ಟ್ರೀಯ ಸ್ಪರ್ಧೆಯೂ ಕಾದಿರುತ್ತದೆ. ಈ ಪ್ರಶಸ್ತಿಯನ್ನು ಪಡೆದವರಿಗೆ ಅಲ್ಲಿ ಪ್ರವೇಶವು ನಿಶ್ಚಿತ. ಪ್ರಬಲ ತಂಡಗಳಿಗೆ ಸೋತರೂ ಆಹ್ವಾನ ಬರುವುದುಂಟು. ಅಂಥವರು ಒಳ್ಳೆಯ ಎಸೆತಗಾರನನ್ನು ಇಲ್ಲಿಯೇ ದಣಿಸಲು ಹಿಂದೆಗೆದರೆ ತಪ್ಪೇನು?

2025ರಲ್ಲಿ ಕೂಟದ ಹದಿನಾರು ತಂಡಗಳೂ ಆಡಿದುವು. ಒಂದು ಸೋಲಿಗೇ ನಿರ್ಗಮನವೆಂಬ ಕಟ್ಟಳೆಯೂ ಬಂದಿತು. ತೋಳುಗಳಿಗೆ ಇದು ಹಿತವೆಂದು ಒಪ್ಪುತ್ತೇವೆ. ಹಳೆಯ ಕ್ರಮದ ಮೇಲಣ ಮಮತೆಯು ಮಾತ್ರ ನಮ್ಮನ್ನು ಬಿಟ್ಟಿಲ್ಲ. ಆ ವರ್ಷದ ಅಂತಿಮ ಪಂದ್ಯದಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯವು 3-2ರಿಂದ ಗೆದ್ದಿತು. ಸೋತುದು, 1977ರಲ್ಲಿ ಮೊಟ್ಟಮೊದಲು ಗೆದ್ದಿದ್ದ ಮಿಸಿಸಿಪ್ಪಿ.