ಬೀಜ ಒಯ್ಯುವ ದಂಶಕಗಳ ಓಡಾಟ ಎಷ್ಟು ದೂರ?

ಪ್ರಶ್ನೆ: ಕಾಡಿನ ಅಳಿಲು, ಇಲಿಗಳು ಬೀಜಗಳನ್ನು ಎಷ್ಟು ದೂರ ಒಯ್ಯುತ್ತವೆ?
(ಓದುಗರು, ಜಯಸಿಂಗಪುರ)

ಉತ್ತರ: ಮೇಯಲು, ಮಲಗಲು, ಮರಿ ಸಾಕಲು ಪ್ರತಿ ದಂಶಕಕ್ಕೂ ಒಂದು ವಾಸವಲಯವಿರುತ್ತದೆ, ಅದು ಸಾಮಾನ್ಯವಾಗಿ ಚಿಕ್ಕದು. ಜಯಸಿಂಗಪುರದ ಸುತ್ತ ಕಬ್ಬಿನ ಬಯಲು. ಅದೇ ಕೊಲ್ಹಾಪುರ ಜಿಲ್ಲೆಯ ಪಶ್ಚಿಮಕ್ಕೆ ರಾಧಾನಗರಿ ಅಭಯಾರಣ್ಯದ ಸಹ್ಯಾದ್ರಿ ಕಾಡಿದೆ. ಅಲ್ಲಿನ ಕೆಂದಳಿಲು (ಮರಾಠಿಯ ಶೇಕರು) ಮಹಾರಾಷ್ಟ್ರದ ರಾಜ್ಯಪ್ರಾಣಿ. ಅದು ನೆಲಕ್ಕಿಳಿಯುವುದು ಅಪರೂಪ. ಒಂದೆರಡು ಹೆಕ್ಟೇರ್ ಕಾಡಿನ ಮರಗಳ ಮೇಲೆಯೇ ಅದರ ಬದುಕು. ಹಿಂಗಾಲುಗಳಿಂದ ಕೊಂಬೆಗೆ ಜೋತುಬಿದ್ದು, ಮುಂಗಾಲುಗಳಲ್ಲಿ ಕಾಯಿ ಹಿಡಿದು ತಿನ್ನುತ್ತದೆ. ಬೀಜವನ್ನೇ ಅಗಿಯುವುದರಿಂದ ಹೆಚ್ಚಿನವು ನಾಶವಾಗುತ್ತವೆ. ಜಾರಿ ಬಿದ್ದವು ಮರದ ಬುಡದ ಹತ್ತಿರವೇ ಉಳಿಯುತ್ತವೆ.

ಬೀಜಗಳನ್ನು ನೆಲದಲ್ಲಿ ಹೂತಿಡುವ ದಂಶಕಗಳ ಕಥೆ ಬೇರೆ. ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ ಸಂಶೋಧಕರು ಒಂದು ಬಗೆಯ ತಾಳೆಯ ಬೀಜಗಳಿಗೆ ಪುಟ್ಟ ರೇಡಿಯೊ ಟ್ರಾನ್ಸ್‌ಮಿಟರ್ ಕಟ್ಟಿ, ಅಗೂಟಿ ಎಂಬ ದಂಶಕದ ಕೆಲಸವನ್ನು ಗಮನಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಂದು ಬೀಜವನ್ನು 36 ಬಾರಿ ಹೂಳಲಾಗಿತ್ತು. ಒಟ್ಟು 749 ಮೀಟರ್ ಸಾಗಿದ ಅದು ಹೊರಟ ಜಾಗದಿಂದ 280 ಮೀಟರ್ ದೂರ ತಲುಪಿತ್ತು. ಅಗೂಟಿಯ ವಾಸವಲಯವೂ ಕೆಲವೇ ಹೆಕ್ಟೇರ್. ಆದರೆ ಒಂದು ಅಗೂಟಿ ಹೂತಿಟ್ಟ ಬೀಜವನ್ನು ಇನ್ನೊಂದು ಕದ್ದು, ತನ್ನ ವಲಯದಲ್ಲಿ ಮತ್ತೆ ಹೂಳುತ್ತದೆ. ಹೀಗೆ ಕೈಯಿಂದ ಕೈಗೆ ದಾಟುವ ಬೀಜ, ಯಾವುದೇ ಒಂದು ಪ್ರಾಣಿಯ ವಲಯವನ್ನೂ ಮೀರಿ ಹೋಗಬಲ್ಲದು. ತಿನ್ನದೆ ಉಳಿದವು ತಾಯಿಮರದಿಂದ ದೂರದಲ್ಲಿ ಮೊಳೆಯುತ್ತವೆ.

ಕಾಡು ತುಂಡಾದರೆ ಈ ಸರಣಿ ಕಡಿಯುತ್ತದೆ. ಆದ್ದರಿಂದ ಮರಗಳ ಸಾಲು ಎಲ್ಲೂ ಮುರಿಯದಂತೆ ಕಾಯುವುದು ದಂಶಕಗಳಿಗೂ ಬೀಜಗಳಿಗೂ ಅಗತ್ಯ.